ಒಮ್ಮೆ ಸೂಜಿ ಚುಚ್ಚಿ ನೋಡಿದ್ದಾಯಿತು, ಮತ್ತೇಕೆ ಇನ್ನೊಂದು ಬಯಾಪ್ಸಿ?

ಪ್ರಶ್ನೆ: ನನ್ನ ಅಕ್ಕನಿಗೆ 47 ವರ್ಷ. ಎಡ ಸ್ತನದಲ್ಲಿ ಸುಮಾರು ಎರಡು ಸೆಂಟಿಮೀಟರ್ ಗಾತ್ರದ ಗಂಟು ಕೈಗೆ ಸಿಗುತ್ತದೆ, ನೋವಿಲ್ಲ. ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ವರದಿಯಲ್ಲಿ ‘ಬೈರಾಡ್ಸ್ 4ಸಿ’ ಎಂದು ಬರೆದಿದ್ದಾರೆ. ನಮ್ಮ ಊರಿನ ಲ್ಯಾಬ್‌ನಲ್ಲಿ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಗಂಟಿನ ಕೋಶಗಳನ್ನು ಹೀರಿ ನೋಡುವ ಪರೀಕ್ಷೆ) ಮಾಡಿಸಿದೆವು. ‘ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ’ ಎಂದು ವರದಿ ಬಂತು, ಮನೆಯವರಿಗೆಲ್ಲ ಸಮಾಧಾನವಾಯಿತು. ಆದರೆ ಹುಬ್ಬಳ್ಳಿಯ ವೈದ್ಯರು ಅದನ್ನು ಒಪ್ಪದೆ ಟ್ರೂಕಟ್ ಬಯಾಪ್ಸಿ ಆಗಲೇಬೇಕು ಎನ್ನುತ್ತಿದ್ದಾರೆ. ಇನ್ನೊಬ್ಬ ಸರ್ಜನ್, ಸೂಜಿಯ ಗೋಜೇ ಬೇಡ, ಗಡ್ಡೆಯನ್ನೇ ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು. ಮತ್ತೆ ಮತ್ತೆ ಚುಚ್ಚಿದರೆ ರೋಗ ಹರಡುತ್ತದೆ ಎಂದು ಭಾವನವರು ಹೆದರಿದ್ದಾರೆ. ವ್ಯಾಕ್ಯೂಮ್ ಬಯಾಪ್ಸಿ ಎಂಬುದೂ ಇದೆಯಂತೆ. ಇವುಗಳಲ್ಲಿ ಯಾವುದು ಒಳ್ಳೆಯದು? ಎಷ್ಟು ದಿನ ಕಾಯಬಹುದು?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ವೈದ್ಯರ ಮಾತು ಕೇಳಿ. ನಿಮ್ಮ ಅಕ್ಕನಿಗೆ ಅಲ್ಟ್ರಾಸೌಂಡ್ ನೋಡುತ್ತ ಮಾಡುವ ಕೋರ್ ಬಯಾಪ್ಸಿ, ಅಂದರೆ ನಮ್ಮ ಆಸ್ಪತ್ರೆಗಳಲ್ಲಿ ಟ್ರೂಕಟ್ ಎಂದು ಕರೆಯುವ ಪರೀಕ್ಷೆ, ಆಗಬೇಕು. ಅದರ ವರದಿ ಕೈಗೆ ಬರುವವರೆಗೆ ಗಡ್ಡೆಯನ್ನು ಕೊಯ್ಯಿಸುವುದು ಬೇಡ. ಎಫ್‌ಎನ್‌ಎಸಿ ವರದಿಯನ್ನು ನಂಬಿ ಸುಮ್ಮನಿರುವುದಂತೂ ಖಂಡಿತ ಬೇಡ. ಸೂಜಿಯಿಂದ ಬಂದ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಪೆಥಾಲಜಿಸ್ಟ್ ಆದ ನನ್ನ ಕೆಲಸ. ಯಾವ ಸೂಜಿ ನಮಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಆ ಕಡೆಯಿಂದಲೇ ವಿವರಿಸುತ್ತೇನೆ.

ಮೊದಲು ‘4ಸಿ’ ಎಂದರೇನು ಎಂದು ನೋಡೋಣ. ಸ್ತನದ ಚಿತ್ರದಲ್ಲಿ ಕಂಡದ್ದು ಎಷ್ಟು ಅನುಮಾನಾಸ್ಪದ ಎಂದು ಹೇಳಲು ರೇಡಿಯಾಲಜಿಸ್ಟರು ಬಳಸುವ ಶ್ರೇಣಿಯೇ ಬೈರಾಡ್ಸ್. 3 ಎಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ 2ನ್ನು ಮೀರುವುದಿಲ್ಲ. 4ಎ ಎಂದರೆ ಶೇ 2ರಿಂದ 10, 4ಬಿ ಎಂದರೆ ಶೇ 10ರಿಂದ 50, 4ಸಿ ಎಂದರೆ ಶೇ 50ರಿಂದ 95. ಐದನೆಯ ಶ್ರೇಣಿಯಲ್ಲಿ ಶೇ 95 ಅಥವಾ ಅದಕ್ಕೂ ಹೆಚ್ಚು. ಹಾಗಾಗಿ ನಿಮ್ಮ ಅಕ್ಕನ ಗಂಟನ್ನು ನೋಡಿದ ರೇಡಿಯಾಲಜಿಸ್ಟ್, ಇದು ಕ್ಯಾನ್ಸರ್ ಆಗಿರುವ ಸಾಧ್ಯತೆಯೇ ಹೆಚ್ಚು ಎಂದು ಹೇಳಿದ್ದಾರೆ. ಎಫ್‌ಎನ್‌ಎಸಿ ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳಿದೆ. ಎರಡು ವರದಿಗಳು ಹೀಗೆ ಒಂದಕ್ಕೊಂದು ವಿರುದ್ಧವಾದಾಗ ಸಮಾಧಾನ ಕೊಡುವ ವರದಿಯನ್ನು ಆರಿಸಿಕೊಳ್ಳುವುದು ಮನುಷ್ಯ ಸಹಜ. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ. ವೈದ್ಯಕೀಯದ ನಿಯಮ ಮಾತ್ರ ಇದಕ್ಕೆ ವಿರುದ್ಧ: ಹೆಚ್ಚು ಆತಂಕ ಹುಟ್ಟಿಸುವ ವರದಿ ಸುಳ್ಳು ಎಂದು ಸಾಬೀತಾಗುವವರೆಗೂ ಅದನ್ನು ನಿಜವೆಂದೇ ತಿಳಿದು ಮುಂದುವರಿಯಬೇಕು.

ಹಾಗಾದರೆ ಎಫ್‌ಎನ್‌ಎಸಿ ಸುಳ್ಳು ಹೇಳಿತೇ? ಸುಳ್ಳು ಎನ್ನಲಾರೆ. ಸೂಜಿಯ ತುದಿಗೆ ಸಿಕ್ಕಿದ್ದನ್ನು ಅದು ಹೇಳಿದೆ, ಅಷ್ಟೆ. ಈ ಪರೀಕ್ಷೆಯಲ್ಲಿ ಬಳಸುವುದು 22ರಿಂದ 25 ಗೇಜ್‌ನ ಸೂಜಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ. ಇದರ ದಪ್ಪ ಅರ್ಧದಿಂದ ಮುಕ್ಕಾಲು ಮಿಲಿಮೀಟರ್‌ನೊಳಗೆ, ರಕ್ತ ತೆಗೆಯುವ ಸೂಜಿಗಿಂತ ದಪ್ಪವೇನಲ್ಲ. ಗಂಟಿನೊಳಗೆ ಹಿಂದೆ ಮುಂದೆ ಆಡಿಸಿದಾಗ ಬಿಡಿ ಕೋಶಗಳು ಸೂಜಿಯೊಳಗೆ ಬರುತ್ತವೆ. ಅವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ನೋಡುತ್ತೇವೆ. ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅದೇ ದಿನ ಅಥವಾ ಮರುದಿನ ವರದಿ ಕೊಡಬಹುದು, ಖರ್ಚೂ ಬಹಳ ಕಡಿಮೆ. 1930ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಸೂಜಿಯಿಂದ ಗಡ್ಡೆಗಳ ಕೋಶಗಳನ್ನು ಹೀರಿ ನೋಡುವ ಕ್ರಮವನ್ನು ಪ್ರಕಟಿಸಿದರು. ಅನಂತರ ಸ್ವೀಡನ್‌ನ ಕರೋಲಿನ್ಸ್ಕಾ ಆಸ್ಪತ್ರೆಯವರು ಇನ್ನೂ ಸಣ್ಣ ಸೂಜಿಯಿಂದ ಅದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ನಮ್ಮ ದೇಶದಲ್ಲಿ ಅದು ಬೇರೂರಲು ಕಾರಣ ಹುಡುಕಬೇಕಿಲ್ಲ. ತಾಲ್ಲೂಕು ಮಟ್ಟದಲ್ಲೂ ಒಬ್ಬ ಪೆಥಾಲಜಿಸ್ಟ್, ಒಂದು ಸಿರಿಂಜ್, ಒಂದು ಸೂಕ್ಷ್ಮದರ್ಶಕ ಇದ್ದರೆ ಮಾಡಬಹುದಾದ ಪರೀಕ್ಷೆ ಅದು.

ನನಗೆ ಆ ಪರೀಕ್ಷೆಯ ಮೇಲೆ ಗೌರವವಿದೆ. ನೀರು ತುಂಬಿದ ಸಿಸ್ಟ್ ಇದ್ದರೆ ಅದೇ ಸೂಜಿಯಿಂದ ನೀರು ತೆಗೆದು ಗಂಟನ್ನೇ ಇಲ್ಲವಾಗಿಸಬಹುದು. ಕಂಕುಳಿನ ಗ್ರಂಥಿಗೆ ಕ್ಯಾನ್ಸರ್ ತಲುಪಿದೆಯೇ ಎಂದು ನೋಡಲು ಅದು ಸರಳವಾದ ದಾರಿ. ಮೊದಲೇ ಕ್ಯಾನ್ಸರ್ ಚಿಕಿತ್ಸೆಯಾದವರ ಚರ್ಮದ ಮೇಲೆ ಸಣ್ಣ ಗಂಟು ಎದ್ದರೆ ಮೊದಲ ತಪಾಸಣೆಗೆ ಅದೇ ಸಾಕಾಗಬಹುದು. ಆದರೆ ಎಫ್‌ಎನ್‌ಎಸಿ ‘ಕ್ಯಾನ್ಸರ್ ಇದೆ’ ಎಂದಾಗ ಆ ಮಾತಿಗೆ ಇರುವ ತೂಕ, ‘ಇಲ್ಲ’ ಎಂದಾಗ ಇರುವುದಿಲ್ಲ. ಸೂಜಿ ಗಂಟಿನ ಪಕ್ಕದ ಕೊಬ್ಬಿಗೆ ಹೋಗಿರಬಹುದು. ಗಂಟು ನಾರು ನಾರಾಗಿ ಗಟ್ಟಿಯಾಗಿದ್ದರೆ ಕೋಶಗಳು ಕಳಚಿ ಬರುವುದೇ ಇಲ್ಲ. ಲೋಬ್ಯುಲಾರ್ ಎಂಬ ಬಗೆಯ ಕ್ಯಾನ್ಸರ್‌ನಲ್ಲಿ ಕೋಶಗಳು ಚಿಕ್ಕವು, ನೋಡಲು ಸಾಧುವಾಗಿ ಕಾಣುವಂಥವು, ಬರುವುದೂ ಬೆರಳೆಣಿಕೆಯಷ್ಟು. ಅನುಭವಿಗಳಿಗೂ ಅವು ತಪ್ಪಿಹೋಗುತ್ತವೆ.

ನಿಮ್ಮ ಎಫ್‌ಎನ್‌ಎಸಿ ವರದಿಯನ್ನು ಇನ್ನೊಮ್ಮೆ ತೆಗೆದು ಓದಿ. ಈಚೆಗೆ ಯೊಕೊಹಾಮಾ ಪದ್ಧತಿ ಎಂಬ ಐದು ವರ್ಗಗಳಲ್ಲಿ ಈ ವರದಿ ಕೊಡುವ ರೂಢಿ ಬೆಳೆಯುತ್ತಿದೆ: ಮಾದರಿ ಸಾಲದು, ಹಾನಿಕರವಲ್ಲದ್ದು, ಅಸಹಜ, ಸಂಶಯಾಸ್ಪದ, ಕ್ಯಾನ್ಸರ್. ‘ಕೆಲವೇ ಕೋಶಗಳಿವೆ, ಹೆಚ್ಚಿನದು ರಕ್ತ’ ಎಂಬಂಥ ಸಾಲು ನಿಮ್ಮ ವರದಿಯಲ್ಲಿದ್ದರೆ ಅದು ನಿಜಕ್ಕೂ ಮೊದಲನೆಯ ವರ್ಗ, ಅಂದರೆ ಪರೀಕ್ಷೆ ಆಗಿಯೇ ಇಲ್ಲ ಎಂದು ಲೆಕ್ಕ. ‘ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ’ ಎಂಬ ವಾಕ್ಯವನ್ನು ‘ಕ್ಯಾನ್ಸರ್ ಇಲ್ಲ’ ಎಂದು ಓದಿಕೊಂಡು ಆರು ತಿಂಗಳು ಕಳೆದು ಬಂದವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವರದಿ ಬರೆಯುವ ನಮ್ಮ ಕಡೆಯಿಂದಲೂ ಆ ವಾಕ್ಯದ ಕೆಳಗೆ ‘ಚಿತ್ರಗಳ ಜೊತೆ ತಾಳೆ ನೋಡಿ’ ಎಂಬ ಸಾಲು ಕಡ್ಡಾಯವಾಗಿ ಇರಬೇಕು.

ಇನ್ನು ಕೋರ್ ಬಯಾಪ್ಸಿ. ಇದಕ್ಕೆ ಬಳಸುವುದು 14 ಗೇಜ್ ಸೂಜಿ, ಸುಮಾರು ಎರಡು ಮಿಲಿಮೀಟರ್ ದಪ್ಪ. ಲಿಗ್ನೋಕೇನ್ ಚುಚ್ಚಿ ಜಾಗವನ್ನು ಮರಗಟ್ಟಿಸಿ, ಚರ್ಮದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಗೀರು ಮಾಡಿ, ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತ ಗಂಟಿನ ಅಂಚಿಗೆ ಒಯ್ಯುತ್ತಾರೆ. ಸೂಜಿಯ ಹಿಡಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಗುಂಡಿ ಒತ್ತಿದಾಗ ‘ಟಪ್’ ಎಂದು ಸದ್ದಾಗಿ ಸೂಜಿ ಎರಡು ಸೆಂಟಿಮೀಟರ್‌ನಷ್ಟು ಮುಂದಕ್ಕೆ ಚಿಮ್ಮಿ, ಸಣ್ಣ ದಾರದಂಥ ತುಣುಕನ್ನು ಕತ್ತರಿಸಿ ತರುತ್ತದೆ. ಆ ಸದ್ದಿನ ಬಗ್ಗೆ ಅಕ್ಕನಿಗೆ ಮೊದಲೇ ಹೇಳಿಡಿ. ನೋವಿಗಿಂತ ಸದ್ದಿಗೇ ಬೆಚ್ಚುವವರು ಹೆಚ್ಚು. ಎದೆಗೂಡಿನತ್ತ ಚುಚ್ಚದೆ ಅದಕ್ಕೆ ಸಮಾನಾಂತರವಾಗಿ ಸೂಜಿ ಹಿಡಿಯುವುದರಿಂದ ಶ್ವಾಸಕೋಶಕ್ಕೆ ತಾಗುವ ಭಯ ತೀರಾ ಅಪರೂಪ. ಸಾಮಾನ್ಯವಾಗಿ ನಾಲ್ಕರಿಂದ ಆರು ತುಣುಕು ತೆಗೆಯುತ್ತಾರೆ. ಆಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಪಟ್ಟಿ ಹಾಕಿ, ಮನೆಗೆ ಕಳಿಸುತ್ತಾರೆ. ಕೆಲವು ದಿನ ನೀಲಿಗಟ್ಟಿರುತ್ತದೆ. ಆಸ್ಪತ್ರೆಗೆ ಮತ್ತೆ ಹೋಗಬೇಕಾಗುವಷ್ಟು ರಕ್ತಸ್ರಾವ ಅಥವಾ ಸೋಂಕು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಆಗುತ್ತದೆ.

ಬಿಡಿ ಕೋಶಕ್ಕೂ ಈ ತುಣುಕಿಗೂ ಇರುವ ವ್ಯತ್ಯಾಸವೇ ಈ ಇಡೀ ಚರ್ಚೆಯ ತಿರುಳು. ಹಾರದಿಂದ ಉದುರಿದ ಹೂಗಳನ್ನು ನೋಡಿ ಅದು ಮಲ್ಲಿಗೆಯೋ ಕನಕಾಂಬರವೋ ಎಂದು ಹೇಳಬಹುದು, ಹಾರವನ್ನು ಹೇಗೆ ಕಟ್ಟಿದ್ದರು ಎಂದು ಹೇಳಲಾಗದು. ಕ್ಯಾನ್ಸರ್ ಕೋಶಗಳು ಹಾಲಿನ ನಾಳದ ಗೋಡೆಯೊಳಗೇ ಉಳಿದಿವೆಯೇ, ಗೋಡೆ ಒಡೆದು ಸುತ್ತಲಿನ ಅಂಗಾಂಶಕ್ಕೆ ನುಗ್ಗಿವೆಯೇ ಎಂಬುದು ಚಿಕಿತ್ಸೆಯನ್ನೇ ಬದಲಿಸುವ ಪ್ರಶ್ನೆ. ಗೋಡೆಯನ್ನೇ ನೋಡದೆ ಅದಕ್ಕೆ ಉತ್ತರವಿಲ್ಲ. ಎಫ್‌ಎನ್‌ಎಸಿಯಲ್ಲಿ ಗೋಡೆ ಬರುವುದಿಲ್ಲ. ತುಣುಕಿನಲ್ಲಿ ಬರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಇಂದು ಸ್ತನ ಕ್ಯಾನ್ಸರ್ ಎಂಬ ಒಂದೇ ಪದ ಇಟ್ಟುಕೊಂಡು ಯಾರೂ ಚಿಕಿತ್ಸೆ ಶುರು ಮಾಡುವುದಿಲ್ಲ. ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳಿವೆಯೇ, ಹರ್‌ಟು ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂಬುದು ತಿಳಿಯಬೇಕು. ಇಆರ್ ಇದ್ದರೆ ಹಾರ್ಮೋನ್ ಮಾತ್ರೆಗಳು ಕೆಲಸ ಮಾಡುತ್ತವೆ. ಹರ್‌ಟು ಹೆಚ್ಚಿದ್ದರೆ ಟ್ರಾಸ್ಟುಜುಮ್ಯಾಬ್‌ನಂಥ ಔಷಧ ಇದೆ. ಮೂರೂ ಇಲ್ಲದಿದ್ದರೆ ದಾರಿ ಬೇರೆ. ಹರ್‌ಟು ಹೆಚ್ಚಿರುವ ಅಥವಾ ಮೂರೂ ಇಲ್ಲದ ಬಗೆಯ ಗಡ್ಡೆ ಎರಡು ಸೆಂಟಿಮೀಟರ್ ಮೀರಿದ್ದರೆ ಅಥವಾ ಕಂಕುಳಿಗೆ ಹೋಗಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋಥೆರಪಿ ಕೊಡುವುದು ಈಗಿನ ರೂಢಿ. ಗಡ್ಡೆ ಕರಗುತ್ತದೆಯೋ ಇಲ್ಲವೋ ಎಂಬುದೇ ಮುಂದಿನ ಔಷಧವನ್ನು ತೀರ್ಮಾನಿಸುತ್ತದೆ. ಗಡ್ಡೆಯನ್ನು ಮೊದಲೇ ತೆಗೆದುಬಿಟ್ಟರೆ ಆ ಮಾಹಿತಿ ಶಾಶ್ವತವಾಗಿ ಕೈತಪ್ಪುತ್ತದೆ. ಈ ಪರೀಕ್ಷೆಗಳನ್ನು ನಂಬಿಕೆಯಿಂದ ಮಾಡಲು, ಅಂಗಾಂಶವನ್ನು ಕೆಡದಂತೆ ಕಾಪಾಡುವ ದ್ರಾವಣವಾದ ಫಾರ್ಮಾಲಿನ್‌ನಲ್ಲಿ ಸರಿಯಾಗಿ ಇಟ್ಟ ಅಂಗಾಂಶದ ತುಣುಕೇ ಬೇಕು.

ಫಾರ್ಮಾಲಿನ್ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮಲ್ಲಿ ಎಷ್ಟೋ ಕಡೆ ಬಯಾಪ್ಸಿಯ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬ್‌ಗೆ ಕಳಿಸುತ್ತಾರೆ. ತುಣುಕುಗಳನ್ನು ತೆಗೆದ ಕೂಡಲೇ, ಒಂದು ಗಂಟೆ ಮೀರದಂತೆ, ಶೇ 10ರ ಬಫರ್ ಮಾಡಿದ ಫಾರ್ಮಾಲಿನ್‌ಗೆ ಹಾಕಬೇಕು. ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಅದರಲ್ಲಿರಬೇಕು. ಸಲೈನ್‌ನಲ್ಲಿ ಬಂದ ತುಣುಕು, ಸ್ಪಿರಿಟ್‌ನಲ್ಲಿ ಬಂದ ತುಣುಕು, ಶನಿವಾರ ತೆಗೆದು ಬುಧವಾರ ಸಂಜೆ ತಲುಪಿದ ತುಣುಕು — ಇವುಗಳಲ್ಲಿ ಇಆರ್ ಇಲ್ಲ ಎಂದು ಬಂದರೆ ಅದು ನಿಜವೋ, ಅಂಗಾಂಶ ಕೆಟ್ಟದ್ದರಿಂದ ಹಾಗೆ ಬಂತೋ ಎಂದು ಹೇಳಲಾಗದು. ಆ ಒಂದು ತಪ್ಪು ಉತ್ತರದಿಂದ ಒಬ್ಬ ಹೆಣ್ಣುಮಗಳಿಗೆ ವರ್ಷಗಟ್ಟಲೆ ಸಿಗಬೇಕಾದ ಮಾತ್ರೆ ಸಿಗದೇ ಹೋಗಬಹುದು. ಆದ್ದರಿಂದ ಬಾಟಲಿ ನಿಮ್ಮ ಕೈಗೆ ಬಂದರೆ ‘ಇದು ಫಾರ್ಮಾಲಿನ್ ತಾನೇ? ಎಷ್ಟು ಹೊತ್ತಿಗೆ ಹಾಕಿದಿರಿ?’ ಎಂದು ಕೇಳಿ, ಸಮಯವನ್ನು ಬಾಟಲಿಯ ಮೇಲೇ ಬರೆಸಿಕೊಳ್ಳಿ. ಸಂಕೋಚ ಬೇಡ.

ಕೋರ್ ಬಯಾಪ್ಸಿಯನ್ನು ಅಲ್ಟ್ರಾಸೌಂಡ್ ನೋಡುತ್ತ ಮಾಡಬೇಕೇ, ಕೈಗೆ ಸಿಗುವ ಗಂಟನ್ನು ಹಿಡಿದು ನೇರವಾಗಿ ಚುಚ್ಚಿದರೆ ಸಾಲದೇ? ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. 2014ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯೊಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಕೈಯಂದಾಜಿನಲ್ಲಿ ಚುಚ್ಚಿದ ಕೋರ್ ಬಯಾಪ್ಸಿ ನೂರು ಕ್ಯಾನ್ಸರ್‌ಗಳಲ್ಲಿ ಸುಮಾರು 91ನ್ನು ಹಿಡಿದರೆ, ಅಲ್ಟ್ರಾಸೌಂಡ್ ನೋಡುತ್ತ ಚುಚ್ಚಿದ್ದು ಸುಮಾರು 99ನ್ನು ಹಿಡಿದಿತ್ತು. ಸೂಜಿ ಅದೇ, ಗಂಟು ಕೈಗೆ ಸಿಗುವಂಥದ್ದೇ ಇರಬಹುದು. ತುದಿ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದರಿಂದಲೇ ಇಷ್ಟು ಅಂತರ. ಯಾವ ಸೂಜಿ ಎಂದು ನೀವು ಯೋಚಿಸುವಷ್ಟೇ, ಯಾವ ಯಂತ್ರದ ಕಣ್ಗಾವಲಿನಲ್ಲಿ ಎಂದೂ ಯೋಚಿಸಿ.

ವ್ಯಾಕ್ಯೂಮ್ ಬಯಾಪ್ಸಿ ಇನ್ನೂ ದಪ್ಪ ಸೂಜಿಯದು, 7ರಿಂದ 11 ಗೇಜ್. ಒಮ್ಮೆ ಒಳಗೆ ಹೋದ ಸೂಜಿ ಹೊರಬಾರದೆಯೇ ಸುತ್ತಲೂ ತಿರುಗಿ, ಅಂಗಾಂಶವನ್ನು ಹೀರಿಕೊಂಡು ಕತ್ತರಿಸಿ ತುಣುಕುಗಳನ್ನು ಒಂದಾದ ಮೇಲೊಂದು ಕಳಿಸುತ್ತದೆ. 14 ಗೇಜ್ ಕೋರ್‌ನ ಒಂದು ತುಣುಕು ಸುಮಾರು 17 ಮಿಲಿಗ್ರಾಂ ತೂಗಿದರೆ, 11 ಗೇಜ್ ವ್ಯಾಕ್ಯೂಮ್‌ನ ತುಣುಕು ನೂರು ಮಿಲಿಗ್ರಾಂನ ಹತ್ತಿರ. 1990ರ ದಶಕದ ನಡುವಿನಲ್ಲಿ ಬಳಕೆಗೆ ಬಂದ ಈ ವಿಧಾನದ ನಿಜವಾದ ಕ್ಷೇತ್ರ, ಗಂಟೇ ಇಲ್ಲದೆ ಮ್ಯಾಮೊಗ್ರಾಂನಲ್ಲಿ ಉಪ್ಪಿನ ಹರಳಿನಂತೆ ಕಾಣುವ ಸುಣ್ಣದ ಚುಕ್ಕೆಗಳು. ಅವು ಅಲ್ಟ್ರಾಸೌಂಡ್‌ನಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಮ್ಯಾಮೊಗ್ರಾಂ ಯಂತ್ರದಲ್ಲೇ ಎರಡು ಕೋನಗಳಿಂದ ಅಳೆದು ಸೂಜಿಯನ್ನು ಇಳಿಸಿ, ತೆಗೆದ ತುಣುಕುಗಳ ಎಕ್ಸ್‌ರೇ ಅಲ್ಲೇ ತೆಗೆದು, ಸುಣ್ಣದ ಚುಕ್ಕೆ ತುಣುಕಿಗೆ ಬಂದಿದೆ ಎಂದು ಖಾತರಿ ಮಾಡಿಕೊಳ್ಳುತ್ತಾರೆ. ಜಾಗ ಮುಂದೆ ಗುರುತಾಗಲಿ ಎಂದು ಎಳ್ಳಿನಷ್ಟು ಚಿಕ್ಕ ಲೋಹದ ಕ್ಲಿಪ್ ಬಿಟ್ಟುಬರುತ್ತಾರೆ. ಖರ್ಚು ಕೋರ್‌ನ ಹಲವು ಪಟ್ಟು, ದೊಡ್ಡ ಊರುಗಳಲ್ಲಿ ಮಾತ್ರ ಸಿಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುವ ಎರಡು ಸೆಂಟಿಮೀಟರ್ ಗಂಟಿಗೆ ಅದರ ಅಗತ್ಯವಿಲ್ಲ. ದುಬಾರಿಯಾದದ್ದೇ ಉತ್ತಮ ಎಂದು ಸಾಲ ಮಾಡಲು ಹೋಗಬೇಡಿ. ಆ ಹಣ ಮುಂದಿನ ಚಿಕಿತ್ಸೆಗೆ ಬೇಕಾಗಬಹುದು.

ಭಾವನವರ ಹೆದರಿಕೆಗೆ ಬರುತ್ತೇನೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಅದರಲ್ಲಿ ಒಂದೆಳೆ ಸತ್ಯವಿದೆ. ಸೂಜಿ ಹೋದ ದಾರಿಯಲ್ಲಿ ಕೆಲವು ಕ್ಯಾನ್ಸರ್ ಕೋಶಗಳು ಸರಿದು ಬೀಳುವುದನ್ನು ನಾವು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಬಯಾಪ್ಸಿಗೂ ಶಸ್ತ್ರಚಿಕಿತ್ಸೆಗೂ ನಡುವೆ ಹೆಚ್ಚು ದಿನ ಕಳೆದಷ್ಟೂ ಅವು ಕಾಣುವುದು ಕಡಿಮೆಯಾಗುತ್ತದೆ. ಅಂದರೆ ತಮ್ಮ ಜಾಗದಿಂದ ಕಿತ್ತುಬಂದ ಕೋಶಗಳಲ್ಲಿ ಬಹುಪಾಲು ಬದುಕುವುದಿಲ್ಲ. ಅನಂತರ ಬರುವ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಸೂಜಿ ಬಯಾಪ್ಸಿ ಮಾಡಿಸಿಕೊಂಡ ಕಾರಣಕ್ಕೆ ಸ್ತನ ಕ್ಯಾನ್ಸರ್ ರೋಗಿಗಳ ಆಯುಷ್ಯ ಕಡಿಮೆಯಾಯಿತು ಎಂದು ದಶಕಗಳ ಅನುಭವದಲ್ಲಿ ಕಂಡುಬಂದಿಲ್ಲ. ಈ ಭಯದಿಂದ ಬಯಾಪ್ಸಿಯನ್ನು ಮುಂದೂಡಿದವರಲ್ಲಿ ಗಡ್ಡೆ ತನ್ನಷ್ಟಕ್ಕೆ ತಾನೇ ಕಂಕುಳಿಗೆ, ಎಲುಬಿಗೆ ಹರಡಿದ್ದನ್ನು ಮಾತ್ರ ಬೇಕಾದಷ್ಟು ಕಂಡಿದ್ದೇವೆ. ಬಯಾಪ್ಸಿ ಆದ ಮೇಲೆ ರೋಗ ಹೆಚ್ಚಾಯಿತು ಎಂದು ಜನ ಹೇಳುವುದರ ಹಿಂದೆ ಬಹುಮಟ್ಟಿಗೆ ಇರುವುದು ಇಷ್ಟೇ: ಬಯಾಪ್ಸಿ ಆಗುವ ಹೊತ್ತಿಗೇ ರೋಗ ಮುಂದುವರಿದಿತ್ತು, ಅಥವಾ ಬಯಾಪ್ಸಿ ಮಾಡಿಸಿ ಚಿಕಿತ್ಸೆಗೆ ಹೋಗದೆ ಉಳಿದರು.

ಗಡ್ಡೆಯನ್ನೇ ನೇರವಾಗಿ ತೆಗೆಯೋಣ ಎಂದ ಸರ್ಜನ್ ಕೆಟ್ಟ ಉದ್ದೇಶದಿಂದ ಹೇಳಿರಲಾರರು. ಒಂದು ಕಾಲದಲ್ಲಿ ಅದೇ ಪದ್ಧತಿಯಾಗಿತ್ತು: ಅರಿವಳಿಕೆ ಕೊಟ್ಟು ಗಡ್ಡೆ ತೆಗೆದು, ತುಣುಕನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಫ್ರೋಜನ್ ಸೆಕ್ಷನ್ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂದರೆ ಅದೇ ಅರಿವಳಿಕೆಯಲ್ಲಿ ಇಡೀ ಸ್ತನವನ್ನು ತೆಗೆಯುತ್ತಿದ್ದರು. ಮಲಗಿದ ಹೆಣ್ಣುಮಗಳಿಗೆ ಎದ್ದ ಮೇಲೆ ಸ್ತನ ಇರುತ್ತದೆಯೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಆ ಕಾಲ ಹೋದದ್ದು ಒಳ್ಳೆಯದಾಯಿತು. ಕ್ಯಾನ್ಸರ್ ಎಂದು ಗೊತ್ತಿಲ್ಲದೆ ಗಡ್ಡೆ ತೆಗೆದಾಗ ಸುತ್ತ ಬಿಡಬೇಕಾದ ಅಂಚನ್ನು ಬಿಟ್ಟಿರುವುದಿಲ್ಲ, ಗಾಯದ ಗುರುತು ಮುಂದಿನ ಶಸ್ತ್ರಚಿಕಿತ್ಸೆಗೆ ಅಡ್ಡಬರುವ ಕಡೆ ಬಿದ್ದಿರುತ್ತದೆ, ಕಂಕುಳಿನ ಪರೀಕ್ಷೆ ಆಗಿರುವುದಿಲ್ಲ. ಎರಡನೆಯ ಶಸ್ತ್ರಚಿಕಿತ್ಸೆ ಬಹುತೇಕ ಖಚಿತ. ಸ್ತನವನ್ನು ಉಳಿಸಿಕೊಳ್ಳಬಹುದಾಗಿದ್ದ ಕೆಲವರಿಗೆ ಆ ಅವಕಾಶವೇ ತಪ್ಪುತ್ತದೆ. ತೆಗೆದ ಗಡ್ಡೆಯನ್ನು ಹಾನಿಕರವಲ್ಲ ಎಂದು ಭಾವಿಸಿ ಪರೀಕ್ಷೆಗೇ ಕಳಿಸದ ಪ್ರಸಂಗಗಳೂ ಸಣ್ಣ ಊರುಗಳಲ್ಲಿ ಇಲ್ಲದಿಲ್ಲ, ಇದು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ.

ಕೋರ್ ಬಯಾಪ್ಸಿಯ ವರದಿ ಬಂದಾಗಲೂ ಅದನ್ನು ಒಂಟಿಯಾಗಿ ಓದಬಾರದು. ಕೈಪರೀಕ್ಷೆ, ಚಿತ್ರ, ಅಂಗಾಂಶ ಮೂರೂ ಒಂದೇ ಕಥೆ ಹೇಳಬೇಕು. ಚಿತ್ರ 4ಸಿ ಎಂದಿರುವಾಗ ಕೋರ್ ಕೂಡ ‘ಸಾಮಾನ್ಯ ಸ್ತನ ಅಂಗಾಂಶ’ ಎಂದರೆ ಅದು ಸಮಾಧಾನದ ಸುದ್ದಿ ಆಗುವುದಿಲ್ಲ, ಸೂಜಿ ಗುರಿ ತಪ್ಪಿದೆ ಎಂದೇ ಮೊದಲು ಅನುಮಾನಿಸಬೇಕು. ಮತ್ತೊಮ್ಮೆ ಕೋರ್, ಇಲ್ಲವೇ ವ್ಯಾಕ್ಯೂಮ್, ಇಲ್ಲವೇ ಆಗ ಮಾತ್ರ ಶಸ್ತ್ರಚಿಕಿತ್ಸೆಯ ಬಯಾಪ್ಸಿ. 4ಸಿಯಂತೆ ಕಂಡದ್ದು ನಿಜಕ್ಕೂ ಕ್ಯಾನ್ಸರ್ ಅಲ್ಲದಿರುವುದೂ ಉಂಟು. ಗ್ರಾನ್ಯುಲೋಮಾ ಬಗೆಯ ಸ್ತನದ ಉರಿಯೂತ ಮತ್ತು ಕ್ಷಯ ನಮ್ಮ ದೇಶದಲ್ಲಿ ಕ್ಯಾನ್ಸರ್‌ನ ವೇಷ ಹಾಕಿಕೊಂಡು ಬರುತ್ತವೆ. ಅಂಥ ಕಡೆ ಕೋರ್‌ನ ತುಣುಕಿನಲ್ಲಿ ಆ ಕಾರಣ ಸ್ಪಷ್ಟವಾಗಿ ಕಾಣುತ್ತದೆ. ‘ಕ್ಯಾನ್ಸರ್ ಇಲ್ಲ’ ಎಂಬುದರ ಜೊತೆಗೆ ‘ಇದು ಇಂಥದ್ದು’ ಎಂಬ ಉತ್ತರವೂ ಸಿಗುತ್ತದೆ. ಆಗ ನಂಬಬಹುದು.

ಕೆಲವು ಲ್ಯಾಬ್‌ಗಳು ವರದಿಯಲ್ಲಿ ಬಿ1ರಿಂದ ಬಿ5ರವರೆಗಿನ ಸಂಕೇತ ಹಾಕುತ್ತವೆ. ಬಿ2 ಹಾನಿಕರವಲ್ಲದ್ದು, ಬಿ4 ಸಂಶಯ, ಬಿ5 ಕ್ಯಾನ್ಸರ್. ನಡುವಿನ ಬಿ3 ಬಂದರೆ ಗಾಬರಿಯಾಗಬೇಡಿ, ಬಿಟ್ಟೂ ಬಿಡಬೇಡಿ. ಅಸಹಜ ಕೋಶಗಳ ಬೆಳವಣಿಗೆ, ನಾಳದೊಳಗಿನ ಪ್ಯಾಪಿಲೋಮಾ ಎಂಬ ಸಣ್ಣ ಗಂಟು, ಹಾನಿಕರವಲ್ಲದ ಫೈಬ್ರೊಅಡಿನೋಮಾ ಗಂಟೋ ಅದನ್ನೇ ಹೋಲುವ ಫಿಲೋಡೀಸ್ ಗಡ್ಡೆಯೋ ಎಂದು ತುಣುಕಿನಲ್ಲಿ ತೀರ್ಮಾನವಾಗದಂಥವು ಅಲ್ಲಿ ಬರುತ್ತವೆ. ಅವುಗಳಿಗೆ ಹೆಚ್ಚು ಅಂಗಾಂಶ ಬೇಕು, ಕೆಲವೊಮ್ಮೆ ಪೂರ್ತಿ ತೆಗೆದೇ ನೋಡಬೇಕು.

ಬಯಾಪ್ಸಿಗೆ ಹೋಗುವಾಗ ಅಕ್ಕ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೊದಲು ಲಿಗ್ನೋಕೇನ್‌ನಿಂದ ತೊಂದರೆಯಾಗಿದ್ದರೆ ಹೇಳಿ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹಳೆಯ ಎಫ್‌ಎನ್‌ಎಸಿ ಸ್ಲೈಡ್‌ಗಳನ್ನೂ ಮ್ಯಾಮೊಗ್ರಾಂ ಫಿಲಂಗಳನ್ನೂ ಜೊತೆಗೆ ಒಯ್ಯಿರಿ. ಕ್ಯಾನ್ಸರ್ ಎಂದು ಬಂದು ಮೊದಲು ಕೀಮೋ ಕೊಡುವುದಾದರೆ, ಗಡ್ಡೆ ಕರಗಿದ ಮೇಲೂ ಜಾಗ ತಿಳಿಯುವಂತೆ ಕ್ಲಿಪ್ ಹಾಕಿಸಬೇಕೇ ಎಂದು ಶುರುವಿಗೆ ಮುನ್ನ ಕೇಳಿ. ಬಿಪಿಎಲ್ ಅಥವಾ ಎಪಿಎಲ್ ಯಾವುದೇ ಪಡಿತರ ಚೀಟಿ ಇದ್ದರೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನೇನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ. ವರದಿಯ ಜೊತೆ ಮೇಣದ ಬ್ಲಾಕನ್ನೂ (ಬಯಾಪ್ಸಿಯ ತುಣುಕುಗಳನ್ನು ಕೂರಿಸಿದ ಮೇಣದ ಗಟ್ಟಿ) ಲ್ಯಾಬ್‌ನಿಂದ ಕೇಳಿ ಪಡೆಯಿರಿ. ಬೆಂಗಳೂರಿನ ಕಿದ್ವಾಯಿಗೋ ಬೇರೆ ಕಡೆಗೋ ಎರಡನೆಯ ಅಭಿಪ್ರಾಯಕ್ಕೆ ಹೋದರೆ ಅವರು ಮೊದಲು ಕೇಳುವುದೇ ಅದನ್ನು. ಹರ್‌ಟು ‘2+’ ಎಂದು, ಅಂದರೆ ಹೆಚ್ಚಿದೆಯೋ ಇಲ್ಲವೋ ಖಚಿತವಾಗದಂತೆ, ಬಂದಾಗ ಅದನ್ನು ತೀರ್ಮಾನಿಸಲು ಮಾಡಬೇಕಾದ ಫಿಶ್ ಪರೀಕ್ಷೆಯೂ ಅದೇ ಬ್ಲಾಕಿನಿಂದ ಆಗುತ್ತದೆ, ಮತ್ತೆ ಚುಚ್ಚಬೇಕಿಲ್ಲ.

ಎಷ್ಟು ದಿನ ಕಾಯಬಹುದು ಎಂದಿರಿ. ಒಳ್ಳೆಯ ಕಡೆ ಸಮಯ ಸಿಗಲು ಒಂದು ವಾರ ತಡವಾದರೆ ಏನೂ ಆಗುವುದಿಲ್ಲ. ತರಾತುರಿಯಲ್ಲಿ ಯಾರೋ ಕೈಯಂದಾಜಿನಲ್ಲಿ ಚುಚ್ಚುವುದಕ್ಕಿಂತ ಅದು ಮೇಲು. ಸಾಮಾನ್ಯ ವರದಿ ಮೂರು ನಾಲ್ಕು ದಿನಕ್ಕೆ, ಇಆರ್, ಪಿಆರ್, ಹರ್‌ಟು ಸೇರಿ ಹತ್ತು ದಿನದೊಳಗೆ ಬರುತ್ತದೆ. ಮಕ್ಕಳ ಪರೀಕ್ಷೆ, ಹಬ್ಬ, ಸುಗ್ಗಿ ಮುಗಿಯಲಿ ಎಂದು ಅಕ್ಕನೇ ಮುಂದೂಡಲು ನೋಡಿದರೆ ನೀವು ಒಪ್ಪಬೇಡಿ. ಈ ವಾರವೇ ಹುಬ್ಬಳ್ಳಿಗೆ ಫೋನ್ ಮಾಡಿ ದಿನ ಗೊತ್ತುಮಾಡಿ, ಆ ದಿನ ನೀವೂ ಜೊತೆಗೆ ಹೋಗಿ.